ಮಗಳ ಪೈಲಟ್ ತರಬೇತಿ: ಇಡೀ ಶುಲ್ಕವನ್ನು ಒಮ್ಮೆಗೇ ಕಟ್ಟಬೇಡಿ

ನಮಸ್ಕಾರ ಸರ್. ಪಿಯುಸಿ ಮುಗಿಸಿದ ಮಗಳನ್ನು ಸಿಪಿಎಲ್ (ವಾಣಿಜ್ಯ ಪೈಲಟ್ ಪರವಾನಗಿ) ತರಬೇತಿಗೆ ಸೇರಿಸಲು, ಪೂರ್ತಿ ಶುಲ್ಕ ಮುಂಗಡ ಕಟ್ಟಿದರೆ ರಿಯಾಯಿತಿ ಕೊಡುವ ಶಾಲೆಯನ್ನು ಆರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನನ್ನ ತಂದೆಯವರು ಜಮೀನು ಅಡವಿಟ್ಟು ತಂದ ಹಣವನ್ನು ನಾನು ಹೀಗೆಯೇ ಒಂದೇ ಕಂತಿನಲ್ಲಿ ಕಟ್ಟಿದೆ. ಆಮೇಲೆ ಆ ಶಾಲೆಯ ಎರಡು ವಿಮಾನಗಳಲ್ಲಿ ಒಂದು ರಿಪೇರಿಗೆಂದು ಹ್ಯಾಂಗರಿನಲ್ಲೇ ಉಳಿದು, ನಾಲ್ಕು ತಿಂಗಳಲ್ಲಿ ನನ್ನ ಲಾಗ್‌ಬುಕ್ಕಿಗೆ ಸೇರಿದ್ದು ಹನ್ನೊಂದೇ ಗಂಟೆಯ ಹಾರಾಟ. ಹಾಸ್ಟೆಲ್ ಬಾಡಿಗೆಯೂ ಬ್ಯಾಂಕಿನ ಬಡ್ಡಿಯೂ ಮಾತ್ರ ಏರುತ್ತಲೇ ಹೋದವು.

ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮದಂತೆ ಒಟ್ಟು 200 ಗಂಟೆಗಳ ಹಾರಾಟ ಬೇಕಾಗುವುದರಿಂದ, ಗಂಟೆಯ ದರಕ್ಕಿಂತ ಮೊದಲು ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಒಬ್ಬ ಇನ್‌ಸ್ಟ್ರಕ್ಟರಿಗೆ ವಿದ್ಯಾರ್ಥಿಗಳೆಷ್ಟು, ಹಿಂದಿನ ಬ್ಯಾಚು ಎಷ್ಟು ತಿಂಗಳಲ್ಲಿ ಮುಗಿಸಿತು ಎಂಬುದನ್ನು ಅಲ್ಲಿನ ವಿದ್ಯಾರ್ಥಿಗಳಿಂದಲೇ ಕೇಳಿ ತಿಳಿಯಿರಿ. ಹಾರಿದ ಗಂಟೆಗಳಿಗೆ ತಕ್ಕಂತೆ ಕಂತು ಕಟ್ಟುವ ಷರತ್ತನ್ನು ಬರಹದಲ್ಲಿ ಪಡೆಯಿರಿ. ಸಾಲವನ್ನೂ ಬ್ಯಾಂಕಿನಿಂದ ಹಾಗೆಯೇ ಬಿಡುಗಡೆ ಮಾಡಿಸಿಕೊಳ್ಳಿ.

ಇನ್‌ಸ್ಟ್ರಕ್ಟರ್ ವಿಷಯದಲ್ಲಿ ನನ್ನ ಅನುಭವ ಸ್ಪಷ್ಟವಾಗಿದೆ. ಮುಂದೆ ನನಗೆ ಕಲಿಸಿದವರು ಎಂಜಿನ್ ಚಾಲೂ ಮಾಡುವ ಮೊದಲೇ ಬೋರ್ಡಿನ ಮೇಲೆ ಸರ್ಕ್ಯೂಟ್ (ರನ್‌ವೇ ಸುತ್ತ ಹಾರುವ ದಾರಿ) ಬರೆದು, ಎಲ್ಲಿ ರೆಕ್ಕೆಯ ಫ್ಲ್ಯಾಪ್ ಇಳಿಸಬೇಕು, ಯಾವ ವೇಗದಲ್ಲಿ ತಿರುಗಬೇಕು ಎಂದು ನನ್ನ ಬಾಯಲ್ಲೇ ಹೇಳಿಸುತ್ತಿದ್ದರು. ಆದ್ದರಿಂದ ಒಂದೇ ಪಾಠಕ್ಕೆ ಮತ್ತೆ ಮತ್ತೆ ಹಣ ತೆರುವುದು ತಪ್ಪಿತು. ನಿಜವಾಗಿ ಅಗ್ಗವಾದ ಶಿಕ್ಷಕರೆಂದರೆ ಇಂಥವರೇ ಎಂದು ನಾನು ನಂಬಿದ್ದೇನೆ.

ಶುಲ್ಕ ಕಟ್ಟುವ ಮೊದಲು ಪೈಲಟ್‌ಗಳಿಗಿರುವ ಕ್ಲಾಸ್ 2 (ಆರಂಭಿಕ), ಅನಂತರ ಕ್ಲಾಸ್ 1 (ಸಿಪಿಎಲ್‌ಗೆ ಬೇಕಾದ) ವೈದ್ಯಕೀಯ ತಪಾಸಣೆ ಮಾಡಿಸಿ. ಬೆಂಗಳೂರು ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿಯೂ ಒಮ್ಮೆ ವಿಚಾರಿಸಿ.