ಗಾರ್ಮೆಂಟ್ಸ್ ಹಾಸ್ಟೆಲ್‌ ಹುಡುಗಿಯರ ಸಂಬಳ ಕಡಿತ: ದೂರು ಕೊಡುವ ಮುಂಚೆ ಏನೇನು ನೋಡಬೇಕು

ನೀವು ಕೇಳಿರುವುದು ಇಷ್ಟು: ಪೀಣ್ಯದ ಹತ್ತಿರ ನಿಮ್ಮ ಬೀದಿಯ ಹಾಸ್ಟೆಲ್‌ನಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರಿದ್ದಾರೆ, ಗಾರ್ಮೆಂಟ್ಸ್‌ಗೆ ಹೋಗಿ ಬರುತ್ತಾರೆ. ಆಧಾರ್ ಕಾರ್ಡ್ ವಾರ್ಡನ್ ಬಳಿ ಇದೆ, ಹೇಳಿದ ಸಂಬಳ ಕೈಗೆ ಬರುತ್ತಿಲ್ಲ, ಊರಿಗೆ ಹೋಗಲು ಬಿಡುತ್ತಿಲ್ಲ. ಇದು ಕಾನೂನಿಗೆ ಸರಿಯೇ, ಹೊರಗಿನವರು ಏನು ಮಾಡಬಹುದು?

ಸರಿಯಲ್ಲ, ಮೂರೂ ತಪ್ಪು. ಆದರೂ ನಾಳೆಯೇ ಹೋಗಿ ದೂರು ಬರೆಯಬೇಡಿ. ಆ ಹುಡುಗಿಯರ ಕೆಲಸ, ಮಲಗುವ ಜಾಗ, ಊಟ, ಬಸ್ಸು ಎಲ್ಲ ಒಬ್ಬರ ಕೈಯಲ್ಲೇ ಇವೆ. ಸ್ಥಳೀಯ ಟೈಲರ್ ಒಬ್ಬಳು ಹೆಚ್‌ಆರ್ ಜೊತೆ ಜಗಳವಾಡಿದರೆ ಸಂಜೆ ತನ್ನ ಮನೆಗೆ ಹೋಗುತ್ತಾಳೆ. ಇವರಿಗೆ ಕೆಲಸ ಹೋದ ದಿನವೇ ಮಲಗುವ ಜಾಗವೂ ಹೋಗುತ್ತದೆ. ಅವರನ್ನು ಕೇಳದೆ ಕೊಟ್ಟ ದೂರಿನಿಂದ ಆಗುವುದು ಸಾಮಾನ್ಯವಾಗಿ ಒಂದೇ: ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಹಾಸ್ಟೆಲ್ ಖಾಲಿ, ರಿಜಿಸ್ಟರ್ ಮಾತ್ರ ಅಚ್ಚುಕಟ್ಟು. ಆದ್ದರಿಂದ ಭಾನುವಾರ ಅವರು ಅಂಗಡಿಗೆ ಬಂದಾಗ ಮಾತಾಡಿ. ಹಿಂದಿ ಎಲ್ಲರಿಗೂ ಬರುತ್ತದೆ ಎಂದುಕೊಳ್ಳಬೇಡಿ, ಒಡಿಯಾ ಅಥವಾ ಸಂತಾಲಿ ಬಲ್ಲವರು ಬೇಕಾಗಬಹುದು. ಹಾಸ್ಟೆಲ್‌ನವರೇ ಕೊಟ್ಟ ದುಭಾಷಿ ಮಾತ್ರ ಬೇಡ.

ಮೊದಲ ಕೆಲಸ ದಾಖಲೆ. ಕಾರ್ಮಿಕರ ಮೂಲ ಆಧಾರ್ ಇಟ್ಟುಕೊಳ್ಳುವ ಅಧಿಕಾರ ಯಾವ ಮಾಲೀಕರಿಗೂ ಇಲ್ಲ. ಕಾರ್ಡ್ ವಾಪಸ್ ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ಇ-ಆಧಾರ್ ಡೌನ್‌ಲೋಡ್ ಮಾಡಿದರೆ ಅದೂ ಅಷ್ಟೇ ಮಾನ್ಯ. ತೊಡಕು ಬರುವುದು ಓಟಿಪಿಯಲ್ಲಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಎಷ್ಟೋ ಸಲ ಊರಲ್ಲಿರುವ ಅಪ್ಪನದೋ ಅಣ್ಣನದೋ ಆಗಿರುತ್ತದೆ, ಕೆಲವೊಮ್ಮೆ ತರಬೇತಿ ಕೇಂದ್ರದವರದ್ದು. ಹಾಗಿದ್ದರೆ ಆಕೆಯೇ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ನಂಬರ್ ಬದಲಿಸಬೇಕು. ಮುಂದೆ ಪಿಎಫ್ ತೆಗೆಯುವಾಗಲೂ ಇದೇ ನಂಬರ್ ಬೇಕು. ಇದರ ಜೊತೆಗೆ ಫೋನಿನಲ್ಲಿ ಫೋಟೊ ಹಿಡಿದಿಡಬೇಕಾದವು: ಸಂಬಳದ ಚೀಟಿ, ಫ್ಯಾಕ್ಟರಿ ಐಡಿ ಕಾರ್ಡಿನ ಎರಡೂ ಬದಿ, ಇಎಸ್‌ಐ (ಆರೋಗ್ಯ ವಿಮೆ) ನಂಬರ್, ಯುಎಎನ್ (ಪಿಎಫ್ ನಂಬರ್), ಬ್ಯಾಂಕ್ ಪಾಸ್‌ಬುಕ್, ನೇಮಕಾತಿ ಪತ್ರ ಇದ್ದರೆ ಅದು. ಹಾಜರಾತಿಯನ್ನು ದಿನವೂ ಒಂದು ಚಿಕ್ಕ ಪುಸ್ತಕದಲ್ಲಿ ಬರೆಯಲಿ: ಒಳಗೆ ಹೋದ ಸಮಯ, ಸಂಜೆ ಹೊರಡುವ ಪಂಚ್ ಮಾಡಿದ ಸಮಯ, ನಿಜವಾಗಿ ಮಿಷಿನ್ ಬಿಟ್ಟು ಎದ್ದ ಸಮಯ. ಈ ಮೂರನೆಯದು ಬಹಳ ಮುಖ್ಯ. ಏಕೆಂದರೆ ಪಂಚ್ ಮಾಡಿಸಿ ಮತ್ತೆ ಲೈನ್‌ನಲ್ಲಿ ಕೂರಿಸುವುದೇ ಓಟಿ (ಓವರ್‌ಟೈಮ್) ಕದಿಯುವ ಹಳೆಯ ದಾರಿ.

ಈಗ ಸಂಬಳದ ಚೀಟಿ ಓದೋಣ. ಲೆಕ್ಕಕ್ಕೆ ಸುಲಭವಾಗಲಿ ಎಂದು ತಿಂಗಳ ಮೂಲವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000 ರೂಪಾಯಿ ಎಂದಿಟ್ಟುಕೊಳ್ಳಿ. ಕಾರ್ಮಿಕರ ಪಾಲಿನ ಪಿಎಫ್ ಶೇ. 12, ಅಂದರೆ 1,560. ಇಎಸ್‌ಐ ಶೇ. 0.75, ಅಂದರೆ 98. ಕೈಗೆ 11,342 ಬರಬೇಕು. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ, ಆ ಹೆಸರಲ್ಲಿ 200 ಹಿಡಿದಿದ್ದರೆ ತಪ್ಪು. ಮಾಲೀಕರ ಪಾಲಿನ ಪಿಎಫ್ ಮತ್ತು ಶೇ. 3.25 ಇಎಸ್‌ಐ ಅವರ ಜೇಬಿನಿಂದಲೇ ಹೋಗಬೇಕು. ಊರಲ್ಲಿ ಹೇಳುವ ಸಂಬಳದಲ್ಲಿ ಇದನ್ನೂ ಸೇರಿಸಿ, ಊಟ ವಸತಿಯ ಬೆಲೆಯನ್ನೂ ಕೂಡಿಸಿ ದೊಡ್ಡ ಮೊತ್ತ ಕಾಣಿಸುವ ಏಜೆಂಟರಿದ್ದಾರೆ. ಇಲ್ಲಿಗೆ ಬಂದ ಮೇಲೆ ಕಡಿಮೆ ಕಾಣುವುದು ಇದರಿಂದಲೇ.

ಹಾಸ್ಟೆಲ್ ಬಾಡಿಗೆ ಕಡಿತಕ್ಕೆ ಕಾನೂನಿನಲ್ಲಿ ಅವಕಾಶ ಇದೆ, ಅದನ್ನು ಪೂರ್ತಿ ಅಕ್ರಮ ಎಂದು ಬರೆದರೆ ನಿಮ್ಮ ದೂರೇ ಸಡಿಲಾಗುತ್ತದೆ. ಆದರೆ ಕಡಿತದ ಪಟ್ಟಿ ಕಾನೂನಿನಲ್ಲೇ ನಿಗದಿಯಾಗಿದೆ. ಆ ಪಟ್ಟಿಯಲ್ಲಿ ತರಬೇತಿ ಖರ್ಚು ಇಲ್ಲ, ಕರೆತಂದ ರೈಲು ಟಿಕೆಟ್ ಇಲ್ಲ, ಏಜೆಂಟರ ಕಮಿಷನ್ ಇಲ್ಲ. ದಂಡ ಹಾಕಿದರೂ ಸಂಬಳದ ಶೇ. 3 ಮೀರುವಂತಿಲ್ಲ, ಪೀಸ್ ಹಾಳಾಯಿತೆಂದು ಹಣ ಹಿಡಿಯುವ ಮುಂಚೆ ಆಕೆಯ ವಿವರಣೆ ಕೇಳಬೇಕು. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು. ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಬಂದವರಾದರೆ ಆ ತರಬೇತಿಗೆ ಸರ್ಕಾರವೇ ದುಡ್ಡು ಕೊಟ್ಟಿರುತ್ತದೆ, ಹುಡುಗಿಯರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಆ ಯೋಜನೆಯಲ್ಲಿ ಮೂರು ತಿಂಗಳು ಕೆಲಸದಲ್ಲಿ ನಿಂತರೆ ಮಾತ್ರ ಉದ್ಯೋಗ ಸಿಕ್ಕಿತೆಂದು ಲೆಕ್ಕ, ತರಬೇತಿ ಸಂಸ್ಥೆಗೆ ಬರಬೇಕಾದ ಹಣ ಆ ಲೆಕ್ಕಕ್ಕೆ ಅಂಟಿಕೊಂಡಿದೆ. ಮೊದಲ ಮೂರು ತಿಂಗಳು ಊರಿಗೆ ಬಿಡದಂತೆ ಒತ್ತಡ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಕನಿಷ್ಠ ವೇತನವನ್ನೂ ತಾಳೆ ನೋಡಿ. ಏಪ್ರಿಲ್ 1ರಿಂದ ಡಿಎ ಬದಲಾಗುತ್ತದೆ, ಕಾರ್ಮಿಕ ಇಲಾಖೆಯ ಅಧಿಸೂಚನೆ ವಲಯವಾರು ಸಿಗುತ್ತದೆ. ಏಪ್ರಿಲ್ ತಿಂಗಳ ಚೀಟಿಯಲ್ಲಿ ಮೊತ್ತ ಏರಿದೆಯೇ ನೋಡಬೇಕು. ರಾಜ್ಯದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತಿಂಗಳಿಗೆ 417 ರೂಪಾಯಿ ಡಿಎಯನ್ನು ಬಹುಪಾಲು ಮಾಲೀಕರು ಕೊಡಲೇ ಇಲ್ಲ. ಹೈಕೋರ್ಟಿನ ಆದೇಶ ಇದ್ದರೂ ಕೊಡಲಿಲ್ಲ. ಯೂನಿಯನ್‌ಗಳು ಪಟ್ಟು ಹಿಡಿದು, ಹೊರದೇಶದ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ 2022ರಲ್ಲಿ ಬಾಕಿ ಬರತೊಡಗಿತು. ತಲೆಗೆ ನಾನೂರು ಚಿಲ್ಲರೆ ಎಂದು ಹಗುರ ಮಾಡುವವರಿದ್ದಾರೆ. ಸಾವಿರ ಜನರ ಫ್ಯಾಕ್ಟರಿಯಲ್ಲಿ ಅದು ತಿಂಗಳಿಗೆ ನಾಲ್ಕು ಲಕ್ಷ.

ಓಟಿ ಲೆಕ್ಕ ಇನ್ನೂ ದೊಡ್ಡದು. 13,000ವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500, ಗಂಟೆಗೆ 62.50. ಓಟಿ ದುಪ್ಪಟ್ಟು, ಗಂಟೆಗೆ 125. ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಕೂರಿಸಿದರೂ ತಿಂಗಳಿಗೆ 13 ಗಂಟೆ, 1,625 ರೂಪಾಯಿ ಹೋಯಿತು. ಟಾರ್ಗೆಟ್ ಮುಗಿದಿಲ್ಲ, ಅದಕ್ಕೇ ಕೂತಿದ್ದಾರೆ ಎಂಬ ಉತ್ತರ ಬರುತ್ತದೆ. ಒಪ್ಪಬೇಡಿ. ಒಂದು ಆಪರೇಷನ್‌ಗೆ ಎಷ್ಟು ನಿಮಿಷ ಎಂದು ಸ್ಟಾಪ್‌ವಾಚ್ ಹಿಡಿದು ನಿಗದಿ ಮಾಡುತ್ತಾರೆ, ಅದು ಸ್ಯಾಮ್. ಕಾಲರ್ ಜೋಡಿಸಲು 0.6 ನಿಮಿಷ ಎಂದಾದರೆ ಗಂಟೆಗೆ 100 ಪೀಸ್. ಅದು ನೂರಕ್ಕೆ ನೂರು ದಕ್ಷತೆಯ ಲೆಕ್ಕ, ಶೇ. 60ರಲ್ಲಿ 60 ಪೀಸ್ ಮಾತ್ರ. ಎರಡು ಮೂರು ತಿಂಗಳ ತರಬೇತಿಯ ಹುಡುಗಿಯನ್ನು ಹಳೇ ಟೈಲರ್ ಸಂಖ್ಯೆಗೆ ಎಳೆದರೆ ಆಗುವುದಿಲ್ಲ. ಹಿಂದಿನ ಮಿಷಿನ್‌ನಿಂದ ಬಂಡಲ್ ಬರದಿದ್ದರೆ, ಸೂಜಿ ಮುರಿದು ಮೆಕ್ಯಾನಿಕ್ ತಡವಾದರೆ ಅದೂ ಅವಳ ಲೆಕ್ಕಕ್ಕೇ ಬೀಳುತ್ತದೆ. ಟಾರ್ಗೆಟ್ ಮುಗಿಯಲಿ ಬಿಡಲಿ, ಬೆಲ್ ಹೊಡೆದ ಮೇಲಿನ ಕೆಲಸ ಓಟಿಯೇ. ಆರ್ಡರ್ ಇಲ್ಲದ ದಿನ ಮನೆಗೆ ಕಳಿಸಿ, ಭಾನುವಾರ ‘ಕಾಂಪ್ ಆಫ್’ (ಆ ರಜೆಗೆ ಬದಲಿ ಕೆಲಸ) ಎಂದು ಕರೆಸಿ ಮಾಮೂಲಿ ದರ ಕೊಡುವುದನ್ನೂ ಪುಸ್ತಕದಲ್ಲಿ ಬರೆದಿಡಲಿ. 2023ರ ರಾಜ್ಯ ತಿದ್ದುಪಡಿಯಿಂದ 12 ಗಂಟೆ ದುಡಿಸಬಹುದು ಎಂದು ಹೆಚ್‌ಆರ್ ಹೇಳಬಹುದು. ಅದಕ್ಕೆ ಕಾರ್ಮಿಕರ ಒಪ್ಪಿಗೆ ಬೇಕು, ವಾರಕ್ಕೆ 48 ಗಂಟೆಯ ಮಿತಿ ಹಾಗೇ ಇದೆ.

ಊರಿಗೆ ಬಿಡದಿರುವ ವಿಷಯವನ್ನು ಸಂಬಳದ ದೂರಿನ ಜೊತೆ ಕಲೆಸಬೇಡಿ, ಅದು ಬೇರೆಯೇ ಅಪರಾಧ. ನೋಟಿಸ್ ಕೊಡದೆ ಬಿಟ್ಟರೆ ಹೆಚ್ಚೆಂದರೆ ನೋಟಿಸ್ ಅವಧಿಯ ಸಂಬಳದ ತಕರಾರು ಬರಬಹುದು. ಗೇಟಿನೊಳಗೆ ಹಿಡಿದಿಡುವುದು ಅಕ್ರಮ ಬಂಧನ, ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ. ಆಗ ಕಾರ್ಮಿಕ ಇಲಾಖೆಗಾಗಿ ಕಾಯುತ್ತ ಕೂರದೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮುಂಗಡ ತೀರಿಸುವವರೆಗೆ ಬಿಡುವುದಿಲ್ಲ ಎನ್ನುತ್ತಿದ್ದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅನ್ವಯಿಸುತ್ತದೆ, ಅರ್ಜಿ ಜಿಲ್ಲಾಧಿಕಾರಿಗೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಅರ್ಜಿಯಲ್ಲಿ ಇದನ್ನು ಬರೆಯಿರಿ.

ಸಂಬಳದ ದೂರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ, ಹಳೆಯ ಕಾಯ್ದೆಗಳ ಹೆಸರಷ್ಟೇ ಬರೆದರೆ ಅರ್ಜಿ ತಿರುಗಿ ಬರಬಹುದು. ಹಳೆಯ 1979ರ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರು ತಂದವರಿಗಷ್ಟೇ ಅನ್ವಯಿಸುತ್ತಿತ್ತು, ಹಾಗಾಗಿ ನೇರ ನೇಮಕ ಎಂದು ಹೇಳಿ ಫ್ಯಾಕ್ಟರಿಗಳು ತಪ್ಪಿಸಿಕೊಳ್ಳುತ್ತಿದ್ದವು. ಹೊಸ ಸಂಹಿತೆಯಲ್ಲಿ ತಾವಾಗಿ ಬಂದವರೂ ಸೇರಿದ್ದಾರೆ, ಊರಿಗೆ ಹೋಗಿಬರುವ ಪ್ರಯಾಣ ಭತ್ಯೆ ಉಳಿದಿದೆ. ಆದರೆ ತಿಂಗಳ ಸಂಬಳದ ಅರ್ಧದಷ್ಟಿದ್ದ ಸ್ಥಳಾಂತರ ಭತ್ಯೆಯನ್ನು ತೆಗೆದುಹಾಕಿದ್ದಾರೆ, ಅದು ದೊಡ್ಡ ಅನ್ಯಾಯ. ಬಾಕಿ ವೇತನ ಕೇಳಲು ಈಗ ಮೂರು ವರ್ಷ ಅವಕಾಶ ಇದೆ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂದೆ ಸರಿಯಬೇಡಿ. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ನಂಬರ್ 15100. ಅದಕ್ಕೂ ಮುಂಚೆ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಗಾರ್ಮೆಂಟ್ ಲೇಬರ್ ಯೂನಿಯನ್ ಇಂಥವರನ್ನು ಕಾಣಿ. ಒಬ್ಬಳ ಹೆಸರಿನಲ್ಲಿ ಹೋದರೆ ಅವಳನ್ನು ಗುರುತಿಸಿ ಕಳಿಸುತ್ತಾರೆ, ಯೂನಿಯನ್ ಹೆಸರಿನಲ್ಲಿ ಇಡೀ ಬ್ಯಾಚ್‌ನ ಲೆಕ್ಕ ಕೇಳಬಹುದು. ಅದೇ ಲೈನಿನ ಕನ್ನಡದ ಹೆಂಗಸರನ್ನೂ ಸೇರಿಸಿಕೊಳ್ಳಿ, ಓಟಿ ಅವರದೂ ಹೋಗಿರುತ್ತದೆ.

ಬಿಟ್ಟು ಹೋಗುವವರಿಗೆ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಸಿಗಬೇಕು ಎಂಬುದು ವೇತನ ಸಂಹಿತೆಯ ನಿಯಮ. ಪಿಎಫ್‌ನಲ್ಲಿ ಅಡ್ಡಿಯಾಗುವುದು ಆಧಾರ್‌ಗೂ ಪಿಎಫ್‌ಗೂ ಹೆಸರು, ಹುಟ್ಟಿದ ದಿನ ತಾಳೆಯಾಗದಿರುವುದು, ಫ್ಯಾಕ್ಟರಿ ಬದಲಿಸಿದಾಗಲೆಲ್ಲ ಹೊಸ ಯುಎಎನ್ ಮಾಡಿಸಿರುವುದು, ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ಹಾಕದಿರುವುದು. ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ಆಕೆಯೇ ಆನ್‌ಲೈನ್‌ನಲ್ಲಿ ಹಾಕಬಹುದು. 2016ರ ಏಪ್ರಿಲ್‌ನಲ್ಲಿ ಇದೇ ಪೀಣ್ಯದ ರಸ್ತೆಗೆ, ಹೊಸೂರು ರಸ್ತೆಗೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಇಳಿದದ್ದು ಪಿಎಫ್ ತೆಗೆಯಲು ತಂದ ನಿರ್ಬಂಧದ ವಿರುದ್ಧ, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಅವರ ಕೈಯಲ್ಲಿ ಉಳಿಯುವ ಗಂಟು ಅದೊಂದೇ. ಹಾಗಾಗಿ ಪಿಎಫ್‌ಗೆ ಜೋಡಿಸಿದ ಬ್ಯಾಂಕ್ ಖಾತೆಯನ್ನು ಊರಿಗೆ ಹೋದ ತಕ್ಷಣ ಮುಚ್ಚಬಾರದು, ಸಿಮ್ ಕೂಡ ಬದಲಿಸಬಾರದು. ಪಿಎಫ್ ಹಣ ಖಾತೆಗೆ ಬೀಳುವವರೆಗೆ ಎರಡೂ ಚಾಲ್ತಿಯಲ್ಲಿರಲಿ ಎಂದು ಅವರಿಗೆ ಬರೆದುಕೊಡಿ.