ಆ ಹನ್ನೆರಡು ವರ್ಷಗಳನ್ನು ಬಿಡಬೇಡಿ

ಬಿ.ಎ. ಓದುತ್ತಿರುವ ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದ ಇತಿಹಾಸದ ಘಟ್ಟಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ಇಸವಿ ಮರೆತುಹೋಗುತ್ತವೆ. ಅಂತರ್ಯುದ್ಧದ ನಂತರದ ಪುನರ್ನಿರ್ಮಾಣದ ಪಾಠವನ್ನು ಬಿಟ್ಟುಬಿಡಲಾ?"

ಸೋತ ದಕ್ಷಿಣದ ರಾಜ್ಯಗಳನ್ನು ದೇಶಕ್ಕೆ ಮರಳಿ ಸೇರಿಸಿಕೊಂಡ, 1865ರಿಂದ 1877ರವರೆಗಿನ ಆ ಹನ್ನೆರಡು ವರ್ಷಗಳನ್ನು ಬಿಡಬೇಡಿ. ಬೇಕಾದರೆ ಬೇರೆಯದನ್ನು ಬೇಗ ಓದಿ ಮುಗಿಸಿ, ಇದೊಂದನ್ನು ನಿಧಾನವಾಗಿ ಓದಿ.

ಇಸವಿಗಳನ್ನು ಬಿಡಿಬಿಡಿಯಾಗಿ ಓದಿದರೆ ಯಾರಿಗೂ ನೆನಪಿರುವುದಿಲ್ಲ. ನಾನಾದರೆ ಪ್ರತಿ ಘಟ್ಟಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಆಗ ಅಲ್ಲಿ ಯಾರನ್ನು ಲೆಕ್ಕಕ್ಕೆ ತಗೊಂಡರು, ಯಾರನ್ನು ಬಿಟ್ಟರು? 1607ರಲ್ಲಿ ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದರು. 1619ರ ಹೊತ್ತಿಗೆ ಅಲ್ಲಿಗೆ ಸೆರೆಹಿಡಿದ ಆಫ್ರಿಕನ್ನರನ್ನು ತಂದಾಗಿತ್ತು. 1776ರ ಸ್ವಾತಂತ್ರ್ಯ ಘೋಷಣೆ ಎಲ್ಲ ಮನುಷ್ಯರೂ ಸಮಾನರು ಅಂದಿತು, ಆದರೆ 1787ರಲ್ಲಿ ಬರೆದ ಸಂವಿಧಾನ ರಾಜ್ಯಗಳಿಗೆ ಸೀಟು ಹಂಚುವಾಗ ಐವರು ಗುಲಾಮರನ್ನು ಮೂವರು ಅಂತ ಎಣಿಸಿತು. 1830ರ ಕಾಯ್ದೆ ಹಿಡಿದುಕೊಂಡು ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆ ಅಟ್ಟಿದರು. 1861ರಿಂದ 65ರವರೆಗೆ ಅಂತರ್ಯುದ್ಧ: ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ.

ಆಮೇಲಿನದನ್ನು ರಾಬರ್ಟ್ ಸ್ಮಾಲ್ಸ್ ಅವರ ಜೀವನದ ಜೊತೆಗಿಟ್ಟು ಓದಿ. ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರಾಗಿಯೇ ಹುಟ್ಟಿದವರು. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ತಾವು ಕೆಲಸ ಮಾಡುತ್ತಿದ್ದ, ದಕ್ಷಿಣದ ಸೈನ್ಯದ 'ಪ್ಲಾಂಟರ್' ಹಡಗನ್ನೇ ಚಾರ್ಲ್ಸ್‌ಟನ್ ಬಂದರಿನಿಂದ ಹೊರಡಿಸಿದರು. ಹೆಂಡತಿ ಮಕ್ಕಳೂ ಹಡಗಿನಲ್ಲಿದ್ದರು. ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗಿಟ್ಟುಕೊಂಡು, ದಕ್ಷಿಣದವರ ಕೈಲಿದ್ದ ಸಮ್ಟರ್ ಕೋಟೆ ಹಾಯುವಾಗ ದಿನವೂ ಊದುವ ಹಾಗೆಯೇ ಸೀಟಿ ಊದಿಸಿ, ಕೋಟೆಯ ಫಿರಂಗಿ ಗುಂಡು ತಲುಪದಷ್ಟು ದೂರ ಬಂದ ಮೇಲೆ ಬಿಳಿಯ ಬೆಡ್‌ಶೀಟ್ ಮೇಲೇರಿಸಿ ಉತ್ತರದವರ ನೌಕಾಪಡೆಯ ಹತ್ತಿರ ಹೋದರು. ಆಗ ಅವರಿಗೆ 23 ವರ್ಷ.

ಯುದ್ಧ ಮುಗಿದ ಮೇಲೆ ಸಂವಿಧಾನವೇ ಬದಲಾಯಿತು. 13ನೇ ತಿದ್ದುಪಡಿ 1865ರಲ್ಲಿ ಗುಲಾಮಗಿರಿ ತೆಗೆಯಿತು, 1868ರ 14ನೆಯದು ಅಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟಿತು, 1870ರ 15ನೆಯದು ಬಣ್ಣ ನೋಡಿ ಓಟು ತಪ್ಪಿಸಬಾರದು ಅಂದಿತು. (ಹೆಂಗಸರು 1920ರವರೆಗೆ ಕಾಯಬೇಕಾಯಿತು, ಅದನ್ನೂ ಬರೆದುಕೊಳ್ಳಿ.) ಸ್ಮಾಲ್ಸ್ ತಮ್ಮ ಹಳೆಯ ಯಜಮಾನನ ಮನೆಯನ್ನೇ ಕೊಂಡರು, ಚುನಾವಣೆ ಗೆದ್ದು ಅಮೆರಿಕದ ಸಂಸತ್ತಿಗೂ ಹೋದರು. ಅದಕ್ಕೂ ಮುಂಚೆ, 1870ರಲ್ಲೇ, ಹೈರಮ್ ರೆವೆಲ್ಸ್ ಮೊದಲ ಕಪ್ಪು ಸೆನೆಟರ್ ಆಗಿದ್ದರು.

ಆದರೆ 1877ರಲ್ಲಿ ದಕ್ಷಿಣದ ಕಾವಲಿನಿಂದ ಕೇಂದ್ರದ ಸೈನ್ಯ ಹಿಂದೆ ಸರಿಯಿತು. 15ನೇ ತಿದ್ದುಪಡಿಯನ್ನು ಯಾರೂ ರದ್ದು ಮಾಡಲಿಲ್ಲ. ಸುಮ್ನೆ ಓಟಿಗೆ ತೆರಿಗೆ ಹಾಕಿದರು, ಓದಿ ತೋರಿಸು ಅಂತ ಪರೀಕ್ಷೆ ಇಟ್ಟರು, ಹೆದರಿಸಿದರು, ಕೊಂದರು. 1896ರಲ್ಲಿ ಸುಪ್ರೀಂ ಕೋರ್ಟೇ ಕರಿಯರಿಗೆ ಬೇರೆ ರೈಲು ಡಬ್ಬಿ ಇಟ್ಟರೆ ತಪ್ಪಿಲ್ಲ ಅಂದಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಿಕ್ಕಿದ ಹಕ್ಕು ಒಂದೇ ತಲೆಮಾರಿನಲ್ಲಿ ಕೈತಪ್ಪಿತು, ಅಲ್ವಾ?

ಈಗ 1965ರ ಮತದಾನ ಹಕ್ಕು ಕಾಯ್ದೆಗೆ ಬನ್ನಿ. 1870ರಲ್ಲೇ ಕೊಟ್ಟಿದ್ದನ್ನು 95 ವರ್ಷ ಆದಮೇಲೆ ಮತ್ತೆ ಯಾಕೆ ಕೊಡಬೇಕಾಯಿತು? ನೀವು ಬಿಡಬೇಕೆಂದಿದ್ದ ಪಾಠದಲ್ಲಿ ಇದಕ್ಕೆ ಉತ್ತರವಿದೆ. ಎರಡು ಮಹಾಯುದ್ಧ, 1929ರ ಕುಸಿತ, ಶೀತಲ ಸಮರದ ಬಗ್ಗೆ ನೀವು ಕೇಳಿದ್ದಕ್ಕೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

– ಸಂ.