ಮಗಳನ್ನ ಕುಸ್ತಿಗೆ ಕಳಿಸ್ಬೋದಾ ಅಂತ ಕೇಳಿದ್ದಕ್ಕೆ
ಸರ್, 7ನೇ ಕ್ಲಾಸ್ ಮಗಳು ಕುಸ್ತಿ ಕಲೀತೀನಿ ಅಂತಾಳೆ, ಮನೇಲಿ ಹಿರಿಯರು ಬ್ಯಾಡ ಅಂತಾರೆ, ದಾವಣಗೆರೇಲಿ ಏನ್ಮಾಡ್ಲಿ ಅಂತ ಕೇಳೀರಿ. ಕಳಿಸ್ರಿ. ಹೇಳಿಕೇಳಿ ನಮ್ದು ಕುಸ್ತಿ ಊರು, ಗರಡಿ ಮನೆ ಗಂಡಸ್ರದ್ದು ಅನ್ನೋದು ಹಿರಿಯರ ತಲೇಲಿ ಕೂತ್ಬಿಟ್ಟಿದೆ, ಆದ್ರೆ 2004ರ ಅಥೆನ್ಸ್ ಒಲಿಂಪಿಕ್ಸಿಂದಾನೇ ಹೆಣ್ಮಕ್ಕಳ ಕುಸ್ತಿ ಇದೆ, 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ತಂದ್ರಲ್ಲ, ಆ ವಿಡಿಯೋ ಒಂದ್ಸಲ ಅವರಿಗೆ ತೋರ್ಸಿ, ಸೋಲ್ತಾ ಇದ್ದೋರು ಕೊನೇ ಗಳಿಗೇಲಿ ಹೆಂಗೆ ಎತ್ತಾಕಿದ್ರು ಅಂತ.

ದುಡ್ಡಿನ ಮಾತಾದ್ರೆ ಕ್ರಿಕೆಟ್ ಲೆಕ್ಕ ಇಲ್ಲಿಗೆ ಹಾಕ್ಬೇಡಿ. ಅಲ್ಲಿ 2022ರಲ್ಲೇ ಬಿಸಿಸಿಐ ಹೆಣ್ಮಕ್ಕಳಿಗೂ ಗಂಡಸ್ರಷ್ಟೇ ಮ್ಯಾಚ್ ಫೀ ಅಂತ ಹೇಳ್ತು, ಟೆಸ್ಟಿಗೆ 15 ಲಕ್ಷ. ಕುಸ್ತೀಲಿ ಅಷ್ಟಿಲ್ಲ, ರೈಲ್ವೆ ಸ್ಪೋರ್ಟ್ಸ್ ಕೋಟಾದಲ್ಲಿ ಸಿಗೋ ಕೆಲಸದ ಥರದ್ದೇ ಆಸರೆ.

ಸೇರ್ಸೋ ಮುಂಚೆ ಕುಸ್ತಿ ಕಲಿಸೋ ಜಾಗಕ್ಕೆ ಹೋಗಿ ಒಂದು ಸಂಜೆ ಕೂತು ನೋಡ್ರಿ: ಮ್ಯಾಟ್ ಇದೆಯಾ (ಒಲಿಂಪಿಕ್ಸಲ್ಲಿ ಹೆಣ್ಮಕ್ಕಳಿಗೆ ಫ್ರೀಸ್ಟೈಲ್ ಅನ್ನೋ ಬಗೆಯ ಕುಸ್ತಿ ಮಾತ್ರ, ಅದು ಮಣ್ಣಲ್ಲಲ್ಲ, ಮ್ಯಾಟ್ ಮೇಲೇನೆ), ಬಟ್ಟೆ ಬದಲಾಯ್ಸೋಕೆ ಬಾಗ್ಲಿರೋ ರೂಮ್ ಇದೆಯಾ, ಜೊತೆಗೆ ಬೇರೆ ಹುಡ್ಗೀರು ಇದಾರಾ. ಮ್ಯಾಟ್ ದಿನಾ ಒರೆಸ್ತಾರಾ ಅಂತಾನೂ ಕೇಳಿ, ಇಲ್ಲಾಂದ್ರೆ ಗಜಕರ್ಣ ಗ್ಯಾರಂಟಿ. ಮಕ್ಕಳನ್ನ ಇಟ್ಕೊಂಡು ಆಟ ಕಲಿಸೋ ಸರ್ಕಾರಿ ಕ್ರೀಡಾ ಹಾಸ್ಟೆಲ್ ಸೆಲೆಕ್ಷನ್ ಯಾವಾಗ ಅಂತ ಜಿಲ್ಲಾ ಸ್ಟೇಡಿಯಂ ಆಫೀಸಲ್ಲಿ ವಿಚಾರ್ಸಿ.